ಮದರಸಾದ ಗೋಡೆಗೆ ಕೀಲಿಕೈ ಹಿಡಿದವರಿಗೆ

ಬೀದರಿನ ಮಹಮೂದ್ ಗವಾನ್ ಮದರಸಾವನ್ನು ನೋಡಿಕೊಂಡು ಬಂದು ನಾಲ್ಕು ದಿನವಾದರೂ ನನ್ನ ಸಿಟ್ಟು ಇಳಿದಿಲ್ಲ. ಒಳಗಿನ ಕೋಣೆಯೊಂದರ ಗಾರೆಯ ಮೇಲೆ ಯಾವನೋ ಪುಣ್ಯಾತ್ಮ ಕೀಲಿಕೈಯಿಂದ ಹೃದಯದ ಚಿತ್ರ ಕೊರೆದು, ಅದರೊಳಗೆ ಎರಡು ಅಕ್ಷರ ಕೂರಿಸಿ, ಸಾಲದೆಂಬಂತೆ ಬಾಣವನ್ನೂ ಚುಚ್ಚಿದ್ದಾನೆ. ಕೆರೆದ ಸುಣ್ಣದ ಪುಡಿ ಗೋಡೆಯ ಬುಡದಲ್ಲಿ ಇನ್ನೂ ಬೆಳ್ಳಗೆ ಬಿದ್ದಿತ್ತು.

ಬಹಮನಿ ಸುಲ್ತಾನರ ಪ್ರಧಾನಿಯಾಗಿದ್ದ, ಪರ್ಷಿಯಾದ ಗಿಲಾನ್ ಸೀಮೆಯಿಂದ ಬಂದ ಗವಾನ್ 1472ರಲ್ಲಿ ಕಟ್ಟಿಸಿದ ಈ ಮೂರು ಅಂತಸ್ತಿನ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ವಾಸಕ್ಕೆಂದೇ 36 ಕೋಣೆಗಳಿದ್ದವು, ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವು. ಇಲ್ಲಿ ಹೆಸರು ಕೊರೆಯುವ ಹಕ್ಕು ಯಾರಿಗಾದರೂ ಇದ್ದಿದ್ದರೆ ವರ್ಷಗಟ್ಟಲೆ ಉಂಡು ಮಲಗಿ ಓದಿದ ಆ ಹುಡುಗರಿಗೆ ಇರಬೇಕಿತ್ತು. ಅರ್ಧ ಗಂಟೆ ಅಡ್ಡಾಡಲು ಬಂದವನಿಗೆ ಇದೆಂಥ ಕೈ ತುರಿಕೆಯೋ ಕಾಣೆ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ 1958ರ ಕಾಯ್ದೆಯಡಿ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ ಉಂಟು. ಇದುವರೆಗೆ ಆ ಭಯ ಯಾರ ಮುಖದಲ್ಲಿಯೂ ನನಗೆ ಕಂಡಿಲ್ಲ.

ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಮುಂಭಾಗದ ಒಂದು ಪಾಲು ಉರುಳಿತು. ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಮುಂಗೋಡೆಯ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಮೆರುಗಿನ ಟೈಲ್ಸ್ ಬಹುಪಾಲು ಉದುರಿಹೋಗಿವೆ, ಮತ್ತು ಅಳಿದುಳಿದ ತುಣುಕುಗಳು ಗಾರೆಯನ್ನು ಅವಚಿಕೊಂಡು ನಿಂತಿರುವ ಬಗೆಯನ್ನು ಹತ್ತಿರದಿಂದ ಕಂಡವರಿಗೆ ಮುಟ್ಟಲೂ ಕೈ ಹಿಂಜರಿಯಬೇಕು, ಏಕೆಂದರೆ ಅಂಚಿನದೊಂದು ಚಕ್ಕೆ ಎದ್ದರೆ ಸಾಕು, ಆ ಸಂದಿನಲ್ಲಿ ಮಳೆನೀರು ಇಳಿದು ಪಕ್ಕದ್ದನ್ನೂ ಸಡಿಲಿಸುತ್ತದೆ.

ಅಂಥ ಗೋಡೆಗೆ ಒಬ್ಬ ತರುಣ ಬೂಟುಗಾಲನ್ನು ಒತ್ತಿ, ಕಪ್ಪು ಕನ್ನಡಕ ಏರಿಸಿ, ಫೋಟೋಕ್ಕೆ ನಿಂತಿದ್ದ. ಕಾಲು ತೆಗೆಯಪ್ಪಾ ಎಂದೆ. “ಏನಾಗ್ತದರಿ ಸರ, ಐನೂರು ವರ್ಷದಿಂದ ನಿಂತದಲ್ಲ?” ಎಂದು ನಕ್ಕ, ಫೋಟೋ ತೆಗೆಯುತ್ತಿದ್ದ ಗೆಳೆಯನೂ ನಕ್ಕ. ಕೊನೆಗೆ, ಮುದುಕನ ಕಾಟ ತಪ್ಪಲಿ ಎಂಬಂತೆ ಕಾಲಿಳಿಸಿದ. ಗೇಟಿನ ಬಳಿ ಬಂದು ಹಿಂತಿರುಗಿ ನೋಡಿದರೆ, ಎರಡು ಮಾರು ಆಚೆ ಸರಿದು, ಈ ಸಲ ಇನ್ನೊಂದು ಕಾಲನ್ನು ಒತ್ತಿ ನಿಂತಿದ್ದ.