ಮೊದಲ ಸಾಲಿನಲ್ಲಿ ಊರಿನ ಹೆಸರಿರಲಿ

ಸಕಲೇಶಪುರದ ಕಡೆ ಬೆಳಗಿನ ಜಾವ ಮೊಬೈಲ್ ಸದ್ದು ಮಾಡಿದರೆ ನಾವು ಮೊದಲು ಹುಡುಕುವುದು ಊರಿನ ಹೆಸರನ್ನು. ಕಾಡಾನೆ ಯಾವ ಊರಿನ ಹತ್ತಿರ ನಿಂತಿದೆ, ಯಾವ ತೋಟದ ಕಡೆ ಮುಖ ಮಾಡಿದೆ ಎಂಬುದು ಸಂದೇಶದ ಮೊದಲ ಸಾಲಿನಲ್ಲೇ ಇದ್ದರೆ, ಆಳುಗಳಿಗೆ ಆ ದಿನ ಕೆಲಸಕ್ಕೆ ಬರಬೇಡಿ ಎಂದು ಹೇಳುವುದಕ್ಕೆ ಸಮಯ ಸಿಗುತ್ತದೆ.

ಕಳೆದ ವರ್ಷ ಕಾಫಿ ಕುಯ್ಲಿನ ಸಮಯದಲ್ಲಿ ಒಂದು ಫೇಸ್‌ಬುಕ್ ಪುಟದಲ್ಲಿ, 'ನಮ್ಮ ತಾಲ್ಲೂಕಿನಲ್ಲಿ ಈಗಷ್ಟೇ ನಡೆದದ್ದು ಕೇಳಿದರೆ ಎದೆ ಝಲ್ಲೆನ್ನುತ್ತದೆ' ಎಂಬ ಸಾಲು ಕಾಣಿಸಿತು. ನಾನು ತೋಟದ ಇಳಿಜಾರಿನಲ್ಲಿದ್ದೆ, ನೆಟ್‌ವರ್ಕ್ ಇರಲಿಲ್ಲ, ಉಳಿದ ಬರಹ ತೆರೆದುಕೊಳ್ಳಲೇ ಇಲ್ಲ. ಕುಯ್ಯುತ್ತಿದ್ದ ಹೆಣ್ಣಾಳುಗಳನ್ನೆಲ್ಲ ಗಾಬರಿಯಿಂದ ರಸ್ತೆಗೆ ಕರೆತಂದ ಮೇಲೆ ನೋಡಿದರೆ, ಅದು ಬೇರೆ ರಾಜ್ಯದ ಹಳೆಯ ವಿಡಿಯೊ. ಅವರ ಅರ್ಧ ದಿನದ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ವಾರ ನಿಜವಾಗಿಯೇ ಆನೆ ಬಂದಾಗ ಅವರಲ್ಲಿ ಇಬ್ಬರು ನನ್ನ ಮಾತನ್ನು ಕೂಡಲೇ ನಂಬಲಿಲ್ಲ.

ಇಂತಹ ಶೀರ್ಷಿಕೆಗಳನ್ನು ಹಿಂದಕ್ಕೆ ತಳ್ಳುವುದಾಗಿ ಫೇಸ್‌ಬುಕ್ 2014ರಲ್ಲೇ ಹೇಳಿತ್ತು. ಲೈಕ್ ಮಾಡಿ, ಶೇರ್ ಮಾಡಿ ಎಂದು ಗೋಗರೆಯುವ ಬರಹಗಳ ಬಗ್ಗೆಯೂ 2017ರಲ್ಲಿ ಅದೇ ಮಾತು ಹೇಳಿತು. ಆದರೂ ನಮ್ಮಲ್ಲಿ ಆ ಚಾಳಿ ಹೋಗಿಲ್ಲ. ಓದುಗರ ಕಣ್ಣು ನಿಲ್ಲಿಸುವ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಉದ್ದನೆಯ ಬರಹದ ಮೊದಲ ಕೆಲವು ಸಾಲುಗಳಷ್ಟೇ ಕಾಣಿಸಿ ಉಳಿದದ್ದು ಮರೆಯಾಗುವಾಗ, ಆ ಸಾಲುಗಳನ್ನು ತಿದ್ದಿ ತೀಡಲೇಬೇಕು.

ಈ ಏಪ್ರಿಲ್‌ನಲ್ಲಿ ನಾನೂ ಹಾಗೆ ತಿದ್ದಿದೆ. 'ಕಾಫಿ ಬೆಳೆಗಾರನ ಕಣ್ಣೀರು ಒರೆಸುವವರು ಯಾರು?' ಎಂದು ಮೊದಲು ಬರೆದಿದ್ದೆ. ಯಾವ ವರ್ಷಕ್ಕೂ, ಯಾವ ಬೆಳೆಗೂ ಹೊಂದುವ ಸಾಲು ಅದು. ಅಳಿಸಿ, 'ಹೂಮಳೆ 80 ಸೆಂಟ್ಸ್ ಬಿತ್ತು. 25 ದಿನವಾದರೂ ಬ್ಯಾಕಿಂಗ್ ಮಳೆ ಇಲ್ಲ' ಎಂದು ಬರೆದೆ. ನೂರು ಸೆಂಟ್ಸ್ ಎಂದರೆ ಒಂದು ಇಂಚು ಮಳೆ. ಕಾಫಿ ಗಿಡ ಹೂ ಬಿಡುವಂತೆ ಮಾಡುವುದು ಹೂಮಳೆ; ಹೂವಾದ ಮೇಲೆ ಬೇಕಾದ ಎರಡನೆಯ ಮಳೆ, ಅಂದರೆ ಬ್ಯಾಕಿಂಗ್ ಮಳೆ, ತಡವಾದರೆ ರೊಬಸ್ಟಾ ಜಾತಿಯ ಕಾಫಿ ಕಾಯಿ ಕಚ್ಚುವುದು ಕಷ್ಟವೆಂಬುದು ಬೆಳೆಗಾರರಿಗೆ ಗೊತ್ತು. ಗೊತ್ತಿಲ್ಲದವರು, ಹೂಮಳೆ ಎಂದರೇನು ಎಂದು ಕೇಳಿಕೊಂಡು ಕೆಳಗಿನವರೆಗೂ ಓದಿದರು. ಸಂಜೆಯ ಹೊತ್ತಿಗೆ ಮೂಡಿಗೆರೆ, ಬಾಳೆಹೊನ್ನೂರು, ಆಲೂರಿನ ಕಡೆಯವರು ತಮ್ಮ ತಮ್ಮ ತೋಟದ ಮಳೆಯ ಲೆಕ್ಕವನ್ನು ಅದರ ಕೆಳಗೆ ಬರೆದಿದ್ದರು.