ಟೈಟಲ್ ಒನ್ ಮೀಟಿಂಗಿಗೆ ನಮ್ಮವರೂ ಬರಬೇಕು

ಡಲ್ಲಾಸ್ ಸುತ್ತಮುತ್ತ ಹೊಸದಾಗಿ ಬರುವ ಕನ್ನಡದವರು ವಾಟ್ಸಾಪ್ ಗ್ರೂಪಿನಲ್ಲಿ ಕೇಳುವ ಪ್ರಶ್ನೆಗಳಲ್ಲಿ ಸ್ಕೂಲಿನದ್ದೇ ಜಾಸ್ತಿ. ಈ ಏರಿಯಾದಲ್ಲಿ ಅಪಾರ್ಟ್‌ಮೆಂಟ್ ನೋಡಿದ್ದೇವೆ, ಸ್ಕೂಲ್ ಹೇಗಿದೆ ಅಂತ ಕೇಳುತ್ತಾರೆ. ತಕ್ಷಣ ಯಾರಾದರೂ ಒಬ್ಬರು "ಅದು ಟೈಟಲ್ ಒನ್ ಸ್ಕೂಲ್, ಆ ಕಡೆ ಹೋಗ್ಬೇಡಿ" ಅಂತ ಬರೆಯುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಆ ಏರಿಯಾನೇ ಲಿಸ್ಟಿನಿಂದ ಹೊರಗೆ.

ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ನನ್ನ ಇಬ್ಬರು ಮಕ್ಕಳೂ ಟೈಟಲ್ ಒನ್ ಸ್ಕೂಲಿನಲ್ಲೇ ಓದುತ್ತಿದ್ದಾರೆ. ಆ ಸ್ಕೂಲಿನ ಮೇಲೆ ನನಗೆ ಅಭಿಮಾನ ಇದೆ. ಅದಕ್ಕಿಂತ ಮುಖ್ಯವಾಗಿ, ಟೈಟಲ್ ಒನ್ ಅಂದರೆ ಏನು ಅಂತಲೇ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ಅಮೆರಿಕದ ಸರ್ಕಾರಿ ಶಾಲೆಗಳು ನಡೆಯುವುದು ಮುಖ್ಯವಾಗಿ ರಾಜ್ಯದ ಮತ್ತು ಊರಿನ ದುಡ್ಡಿನಿಂದ. ಊರಿನ ದುಡ್ಡು ಅಂದರೆ ಹೆಚ್ಚಾಗಿ ಪ್ರಾಪರ್ಟಿ ಟ್ಯಾಕ್ಸ್. ಟೆಕ್ಸಾಸ್‌ನಲ್ಲಿ ಮನೆ ಇರುವವರಿಗೆ ಅದರ ಬಿಸಿ ಚೆನ್ನಾಗಿ ಗೊತ್ತು. ಮನೆಗಳಿಗೆ ಬೆಲೆ ಜಾಸ್ತಿ ಇರುವ ಕಡೆ ಶಾಲೆಗೂ ದುಡ್ಡು ಸುಲಭವಾಗಿ ಸೇರುತ್ತದೆ, ಇಲ್ಲದ ಕಡೆ ಸೇರುವುದಿಲ್ಲ. ಫೆಡರಲ್ ಸರ್ಕಾರದ ಪಾಲು ಸಾಮಾನ್ಯವಾಗಿ ನೂರರಲ್ಲಿ ಎಂಟರಿಂದ ಹತ್ತು ಅಷ್ಟೇ. ಆದರೆ ಆ ಸಣ್ಣ ಪಾಲು ಎಲ್ಲರಿಗೂ ಸಮಾನವಾಗಿ ಹಂಚುವ ದುಡ್ಡಲ್ಲ. ಬಡ ಕುಟುಂಬದ ಮಕ್ಕಳು ಎಲ್ಲಿ ಹೆಚ್ಚಿದ್ದಾರೋ ಅಲ್ಲಿಗೆ ಹೆಚ್ಚು ಹೋಗಲಿ ಅಂತ ಇಟ್ಟಿದ್ದು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಗಂಟುಗಳಲ್ಲಿ ಒಂದು ಟೈಟಲ್ ಒನ್. 2024ರ ಬಜೆಟ್ಟಿನಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 1,840 ಕೋಟಿ ಡಾಲರ್. ದೇಶದ ಸರ್ಕಾರಿ ಶಾಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇದರಿಂದ ಒಂದಲ್ಲ ಒಂದು ರೀತಿ ದುಡ್ಡು ಪಡೆಯುತ್ತವೆ. ಅಂದಮೇಲೆ ಟೈಟಲ್ ಒನ್ ಅನ್ನುವುದು ಕೆಟ್ಟ ಶಾಲೆಗೆ ಹಚ್ಚಿದ ಗುರುತು ಹೇಗಾಗುತ್ತದೆ ಹೇಳಿ? ಅಲ್ಲಿನ ಮಕ್ಕಳ ಮನೆಯ ಆದಾಯದ ಬಗ್ಗೆ ಅದು ಹೇಳುತ್ತದೆ. ಅಲ್ಲಿನ ಟೀಚರುಗಳು ಹೇಗೆ ಪಾಠ ಮಾಡುತ್ತಾರೆ ಅನ್ನುವ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಈ ಹಣ ರಾಜ್ಯ ಮತ್ತು ಊರು ಕೊಡಬೇಕಾದ ಹಣದ ಬದಲಿಗೆ ಅಲ್ಲ. ಅದರ ಮೇಲೆ, ಹೆಚ್ಚುವರಿಯಾಗಿ. "ಫೆಡರಲ್ ದುಡ್ಡು ಬಂತಲ್ಲ, ನಾವು ಕೊಡೋದು ಕಮ್ಮಿ ಮಾಡ್ತೀವಿ" ಅಂತ ಸ್ಕೂಲ್ ಡಿಸ್ಟ್ರಿಕ್ಟಿನವರು, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸುವವರು, ಹೇಳುವ ಹಾಗಿಲ್ಲ. ಅದು ಕಾನೂನು.

ನಮ್ಮ ಕಾಂಪ್ಲೆಕ್ಸಿನಲ್ಲೇ ಇರುವ ಒಬ್ಬ ಗೆಳತಿಗೆ ಕಳೆದ ವರ್ಷ ಸ್ಕೂಲಿನ ಟೈಟಲ್ ಒನ್ ಪೋಷಕರ ಮೀಟಿಂಗಿಗೆ ಬಾ ಅಂತ ಕರೆದೆ. "ಅಕ್ಕ, ನಮಗ್ಯಾಕೆ ಅದು? ನಾವೇನು ಬಡವ್ರಾ?" ಅಂದಳು. ತುಂಬಾ ಜನ ಹೀಗೇ ತಿಳಿದುಕೊಂಡಿದ್ದಾರೆ. ಒಂದು ಶಾಲೆಯಲ್ಲಿ ಕಡಿಮೆ ಆದಾಯದ ಮನೆಗಳ ಮಕ್ಕಳು ನೂರಕ್ಕೆ 40 ಅಥವಾ ಹೆಚ್ಚಿದ್ದರೆ, ಆ ಶಾಲೆ ಈ ಹಣವನ್ನು ಇಡೀ ಶಾಲೆಯ ಕಲಿಕೆ ಸುಧಾರಿಸಲು ಬಳಸಬಹುದು. ಆಗ ಅಲ್ಲಿ ಓದುವ ಪ್ರತಿ ಮಗುವಿಗೂ ಅದರಲ್ಲಿ ಪಾಲಿದೆ, ಎಲ್ಲರ ಅಪ್ಪ ಅಮ್ಮನಿಗೂ ಮೀಟಿಂಗಿಗೆ ಬರುವ ಹಕ್ಕಿದೆ. ಇಡೀ ಶಾಲೆಗೆ ಬಳಸದೆ ಕೆಲವೇ ಮಕ್ಕಳಿಗೆ ಸಹಾಯ ಮಾಡುವ ಕಡೆಯೂ ಮಗುವನ್ನು ಆರಿಸುವುದು ಓದಿನಲ್ಲಿ ಹಿಂದೆ ಬಿದ್ದಿದೆಯಾ ಅಂತ ನೋಡಿ. ಅಪ್ಪನ ಸಂಬಳ ನೋಡಿ ಅಲ್ಲ.

ಹಾಗಾದರೆ ಆ ದುಡ್ಡಿನಿಂದ ಏನಾಗುತ್ತದೆ? ನಾನು ಕಣ್ಣಾರೆ ನೋಡಿದ್ದನ್ನೇ ಹೇಳುತ್ತೇನೆ. ನನ್ನ ಚಿಕ್ಕ ಮಗನಿಗೆ ಒಂದನೇ ಕ್ಲಾಸಿನಲ್ಲಿ ಓದುವುದು ಕಷ್ಟವಾಯಿತು. ಅಕ್ಷರ ಗೊತ್ತು, ಜೋಡಿಸಿ ಓದಲು ಬರುತ್ತಿರಲಿಲ್ಲ. ಸ್ಕೂಲಿನವರು ಅವನನ್ನು ರೀಡಿಂಗ್ ಸ್ಪೆಷಲಿಸ್ಟ್ ಹತ್ತಿರ ಕಳಿಸಲು ಶುರು ಮಾಡಿದರು. ವಾಲಂಟಿಯರ್ ಆಗಿ ಹೋದಾಗ ಆ ಕೋಣೆ ನೋಡಿದ್ದೇನೆ. ಗೋಡಂಬಿ ಆಕಾರದ ಒಂದು ಮೇಜು. ಒಳಬಾಗಿನಲ್ಲಿ ಟೀಚರ್ ಕೂತಿರುತ್ತಾರೆ, ಸುತ್ತ ಐದು ಮಕ್ಕಳು. ಹಾಗೆ ಕೂತರೆ ಯಾವ ಮಗುವಿನ ಪುಸ್ತಕವೂ ಟೀಚರಿನ ಕೈಗೆ ಎಟುಕುತ್ತದೆ. ಒಂದು ಮಗು ಮೆಲ್ಲಗೆ ಓದುವಾಗ ಅವರು ಆ ಕಡೆ ಬಗ್ಗಿ ಕಿವಿಗೊಡುತ್ತಾರೆ, ತಪ್ಪಿದ ಶಬ್ದದ ಕೆಳಗೆ ಬೆರಳಿಡುತ್ತಾರೆ, ಉಳಿದ ನಾಲ್ವರು ಮ್ಯಾಗ್ನೆಟ್ ಅಕ್ಷರಗಳನ್ನು ತಟ್ಟೆಯ ಮೇಲೆ ಜೋಡಿಸುತ್ತಿರುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿರುವ ಕ್ಲಾಸಿನಲ್ಲಿ ಒಬ್ಬ ಟೀಚರ್ ಎಷ್ಟೇ ಒಳ್ಳೆಯವರಾದರೂ ಹೀಗೆ ಪ್ರತಿದಿನ ಒಂದೊಂದು ಮಗುವಿನ ಪಕ್ಕ ಕೂರಲು ಆಗಲ್ಲ. ನಮ್ಮ ಸ್ಕೂಲಿನಲ್ಲಿ ಆ ಸ್ಪೆಷಲಿಸ್ಟಿನ ಸಂಬಳ ಬರುವುದು ಟೈಟಲ್ ಒನ್ ಹಣದಿಂದ. ಆ ಮೇಜಿನ ಸುತ್ತ ನನ್ನ ಮಗನ ಜೊತೆ ಕೂತಿದ್ದವರ ಮನೆಗಳಲ್ಲಿ ಸ್ಪ್ಯಾನಿಷ್, ವಿಯೆಟ್ನಾಮೀಸ್, ಇಂಗ್ಲಿಷ್, ತೆಲುಗು ಮಾತಾಡುತ್ತಾರೆ. ಈಗ ಅವನು ರಾತ್ರಿ ತಾನೇ ಓದಿಕೊಂಡು ಮಲಗುತ್ತಾನೆ.

ಟೈಟಲ್ ಒನ್ ತಂದ ಕಾನೂನಿನ ಕಥೆ ಟೆಕ್ಸಾಸ್‌ನಲ್ಲೇ ಇದೆ ಅನ್ನುವುದು ನಮ್ಮ ಮಕ್ಕಳಿಗೂ ಗೊತ್ತಾಗಬೇಕು. ಸ್ಯಾನ್ ಆಂಟೋನಿಯೋದಿಂದ ಲರೇಡೋ ಕಡೆಗೆ ಐ-35ರಲ್ಲಿ ಹೋದರೆ ಕಟುಲ್ಲಾ ಅನ್ನುವ ಸಣ್ಣ ಊರು ಸಿಗುತ್ತದೆ. 1928ರಲ್ಲಿ ಲಿಂಡನ್ ಜಾನ್ಸನ್ ಅನ್ನುವ ಹುಡುಗ, ಆಗಿನ್ನೂ ಕಾಲೇಜು ಮುಗಿಸಿರಲಿಲ್ಲ, ಅಲ್ಲಿ ಮೆಕ್ಸಿಕನ್ ಮೂಲದ ಮಕ್ಕಳ ಶಾಲೆಗೆ ಮೇಷ್ಟ್ರಾಗಿ ಹೋದ. ಬೆಳಗ್ಗೆ ತಿಂಡಿಯಿಲ್ಲದೆ ಹಸಿದುಕೊಂಡು ಕ್ಲಾಸಿಗೆ ಬರುತ್ತಿದ್ದ ಆ ಮಕ್ಕಳನ್ನು ಮುಂದೆ ಅಧ್ಯಕ್ಷರಾದ ಮೇಲೂ ಅವರು ಮರೆಯಲಿಲ್ಲ, 1965ರಲ್ಲಿ ಸಂಸತ್ತಿನ ಮುಂದೆ ನಿಂತು ಅವರ ಬಗ್ಗೆ ಮಾತಾಡಿದರು. ಅದೇ ವರ್ಷ ಏಪ್ರಿಲ್ 11ರಂದು ಈ ಕಾನೂನಿಗೆ ಸಹಿ ಹಾಕಿದರು. ಸಹಿ ಹಾಕಿದ ಜಾಗ ವಾಷಿಂಗ್ಟನ್ ಅಲ್ಲ. ಪೀಚ್ ಹಣ್ಣಿಗೆ ಹೆಸರಾದ ಸ್ಟೋನ್‌ವಾಲ್ ಹತ್ತಿರ, ತಾವು ನಾಲ್ಕು ವರ್ಷದವರಿದ್ದಾಗ ಹೋಗುತ್ತಿದ್ದ ಒಂದೇ ಕೋಣೆಯ ಹಳೇ ಶಾಲೆ. ಆಗ ಅಕ್ಷರ ಕಲಿಸಿದ್ದ ಟೀಚರನ್ನೇ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಆ ಶಾಲೆಯ ಕಟ್ಟಡ ಈಗಲೂ ಇದೆ. ಆ ಕಡೆ ಹೋದವರು ಮಕ್ಕಳಿಗೆ ತೋರಿಸಿ.

ಆದರೆ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಆಮೇಲೆ ಆಗಿದ್ದು. ಹಣ ಹರಿಯಲು ಶುರುವಾಯಿತು, ಕೇಳುವವರು ಇರಲಿಲ್ಲ. ಕಾನೂನು ಬರುವ ಮೊದಲೇ ಸೆನೆಟರ್ ರಾಬರ್ಟ್ ಕೆನಡಿ ಇದೇ ಸಂಶಯ ಎತ್ತಿದ್ದರು: ಈ ದುಡ್ಡಿನಿಂದ ತನ್ನ ಮಗುವಿಗೆ ಉಪಯೋಗ ಆಯಿತಾ ಅಂತ ತಂದೆ ತಾಯಿಗೆ ಗೊತ್ತಾಗುವುದು ಹೇಗೆ? ಅವರು ಪಟ್ಟು ಹಿಡಿದಿದ್ದರಿಂದ ಲೆಕ್ಕ ಒಪ್ಪಿಸುವ ನಿಯಮವೇನೋ ಸೇರಿತು. ಆದರೂ 1969ರಲ್ಲಿ ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್ಲೂರ್ ಎಂಬ ಇಬ್ಬರು ಹೆಣ್ಣುಮಕ್ಕಳು ಲೆಕ್ಕಪತ್ರ ಜಾಲಾಡಿ ಒಂದು ವರದಿ ಬರೆದಾಗ ಹೊರಬಿದ್ದ ಸಂಗತಿ ನೋಡಿ: ಬಡ ಮಕ್ಕಳ ಓದಿಗೆ ಅಂತ ಬಂದ ಹಣ ಕೆಲವು ಕಡೆ ಈಜುಕೊಳಗಳಿಗೆ ಹೋಗಿತ್ತು, ಬ್ಯಾಂಡಿನ ವಾದ್ಯಗಳಿಗೆ ಹೋಗಿತ್ತು. ಎಷ್ಟೋ ಕಡೆ ಅದನ್ನು ಎಲ್ಲ ಶಾಲೆಗಳಿಗೂ ಸಾಮಾನ್ಯ ಖರ್ಚಿನ ದುಡ್ಡಿನ ಹಾಗೆ ಹಂಚಿಬಿಟ್ಟಿದ್ದರು.

ಆಮೇಲೆಯೇ ಪೋಷಕರನ್ನು ಒಳಗೆ ಕೂರಿಸಬೇಕು ಅನ್ನುವ ಮಾತಿಗೆ ಬಲ ಬಂತು. 1970ರ ದಶಕದಲ್ಲಿ ಪೋಷಕರ ಸಲಹಾ ಸಮಿತಿಗಳು ಕಡ್ಡಾಯವಾದವು. 1981ರಲ್ಲಿ ರೇಗನ್ ಕಾಲದಲ್ಲಿ ಆ ಕಡ್ಡಾಯ ತೆಗೆದರು. 1988ರಲ್ಲಿ ಪೋಷಕರ ಪಾತ್ರ ಮತ್ತೆ ಕಾನೂನಿಗೆ ಬಂತು, 1994ರಲ್ಲಿ ಗಟ್ಟಿಯಾಯಿತು. ಬುಷ್ 2002ರಲ್ಲಿ ಸಹಿ ಹಾಕಿದ ಕಾನೂನಿನಲ್ಲೂ ಉಳಿಯಿತು, ಒಬಾಮ 2015ರಲ್ಲಿ ಸಹಿ ಹಾಕಿದ, ಈಗ ಜಾರಿಯಲ್ಲಿರುವ ಕಾನೂನಿನಲ್ಲೂ ಉಳಿದಿದೆ. ಇಷ್ಟು ಹಿಡಿದಾಟದ ಮೇಲೆ ಸಿಕ್ಕ ಹಕ್ಕು ಇದು. ಸ್ಕೂಲಿನವರು ಪ್ರೀತಿಯಿಂದ ಕರೆದು ಕೂರಿಸುವ ಮರ್ಯಾದೆ ಅಂದುಕೊಳ್ಳಬೇಡಿ.

ಕಾನೂನು ಹೇಳುವುದು ಇಷ್ಟು. ಟೈಟಲ್ ಒನ್ ಶಾಲೆ ವರ್ಷಕ್ಕೆ ಒಮ್ಮೆಯಾದರೂ ಪೋಷಕರ ಸಭೆ ಕರೆಯಲೇಬೇಕು. ಪೋಷಕರನ್ನು ಹೇಗೆ ಸೇರಿಸಿಕೊಳ್ಳುತ್ತೇವೆ ಅನ್ನುವ ಲಿಖಿತ ನೀತಿಯನ್ನು ಪೋಷಕರ ಜೊತೆ ಕೂತೇ ಬರೆಯಬೇಕು. ಸ್ಕೂಲು ಏನು ಮಾಡುತ್ತದೆ, ಮನೆಯವರು ಏನು ಮಾಡುತ್ತಾರೆ, ಮಗು ಏನು ಮಾಡುತ್ತದೆ ಅಂತ ಒಂದು ಒಪ್ಪಂದ ಇರಬೇಕು. ಅದಕ್ಕೆ ಕಾಂಪ್ಯಾಕ್ಟ್ ಅನ್ನುತ್ತಾರೆ. ಆಗಸ್ಟಿನಲ್ಲಿ ಬ್ಯಾಗಿನಲ್ಲಿ ಬರುವ ಹತ್ತಾರು ಫಾರಂಗಳ ನಡುವೆ ನಾವು ಓದದೇ ಸಹಿ ಹಾಕಿ ಕಳಿಸುವ ಹಾಳೆ ಬಹಳ ಸಲ ಅದೇ. ಇನ್ನೊಂದಿದೆ: ವರ್ಷಕ್ಕೆ 5 ಲಕ್ಷ ಡಾಲರಿಗಿಂತ ಹೆಚ್ಚು ಟೈಟಲ್ ಒನ್ ಹಣ ಪಡೆಯುವ ಡಿಸ್ಟ್ರಿಕ್ಟ್, ಅದರಲ್ಲಿ ಕನಿಷ್ಠ ನೂರಕ್ಕೆ ಒಂದು ಪಾಲನ್ನು ಪೋಷಕರನ್ನು ಒಳಗೊಳ್ಳುವ ಕೆಲಸಕ್ಕೇ ತೆಗೆದಿಡಬೇಕು. ಹಾಗೆ ತೆಗೆದಿಟ್ಟ ಹಣದಲ್ಲಿ ಕನಿಷ್ಠ ನೂರಕ್ಕೆ 90 ಭಾಗ ಶಾಲೆಗಳಿಗೆ ಹೋಗಬೇಕು. ಅದನ್ನು ಹೇಗೆ ಖರ್ಚು ಮಾಡಬೇಕು ಅನ್ನುವ ತೀರ್ಮಾನದಲ್ಲಿ ಪೋಷಕರು ಇರಬೇಕು. ಆ ತೀರ್ಮಾನ ಆಗುವ ಕಡೆ ನಮ್ಮವರು ಎಷ್ಟು ಜನ ಇರುತ್ತಾರೆ? ನನಗೆ ನೋವಾಗುವುದು ಇಲ್ಲೇ.

ನಮ್ಮ ಸ್ಕೂಲಿನ ಸಭೆ ಸಂಜೆ ಕೆಫೆಟೇರಿಯಾದಲ್ಲಿ ನಡೆಯುತ್ತದೆ. ಮಕ್ಕಳ ಎತ್ತರಕ್ಕೆ ಮಾಡಿದ ಉದ್ದನೆಯ ಮೇಜು, ಅದಕ್ಕೇ ಅಂಟಿಕೊಂಡ ಗುಂಡು ಸ್ಟೂಲುಗಳು. ಚಿಕ್ಕ ಮಕ್ಕಳನ್ನು ಲೈಬ್ರರಿಯಲ್ಲಿ ನೋಡಿಕೊಳ್ಳುತ್ತಾರೆ. ಸ್ಪ್ಯಾನಿಷ್ ಮಾತಾಡುವವರಿಗೆ ದುಭಾಷಿ ಇರುತ್ತಾರೆ. ಕಳೆದ ಸಲ ಪ್ರಿನ್ಸಿಪಾಲ್ ಖರ್ಚಿನ ಪಟ್ಟಿ ತೋರಿಸುತ್ತಿದ್ದರು. ಕೆಲಸದಿಂದ ನೇರ ಬಂದಿದ್ದ, ಬೂಟಿಗೆ ಇನ್ನೂ ಸಿಮೆಂಟು ಮೆತ್ತಿದ್ದ ಒಬ್ಬರು ಎದ್ದು ನಿಂತರು. ಮ್ಯಾತ್ ಟ್ಯೂಟರಿಂಗ್ ಬೆಳಗ್ಗೆ ಸ್ಕೂಲ್ ಶುರುವಾಗುವ ಮುಂಚೆ ಇಟ್ಟಿದ್ದೀರಿ, ನಮ್ಮ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ, ಬಸ್ಸು ಅಷ್ಟು ಬೇಗ ಬರುವುದಿಲ್ಲ, ಹಾಗಾದರೆ ಇದು ಯಾರಿಗೆ ಅಂತ ಕೇಳಿದರು. ಪ್ರಿನ್ಸಿಪಾಲ್ ಬರೆದುಕೊಂಡರು. ಜನವರಿಯಿಂದ ಟ್ಯೂಟರಿಂಗ್ ಮಧ್ಯಾಹ್ನದ ಹೊತ್ತಿಗೆ ಬಂತು. ಒಬ್ಬ ಅಪ್ಪ ಕೇಳಿದ ಒಂದೇ ಪ್ರಶ್ನೆ, ಬಸ್ಸಿನಲ್ಲಿ ಬರುವ ಎಲ್ಲ ಮಕ್ಕಳಿಗೂ ಪಾಠ ಸಿಗುವ ಹಾಗಾಯಿತು.

ಊರಿನಲ್ಲಿ ನಮಗೆ ಇದು ಹೊಸದೇನಲ್ಲ. ನಮ್ಮ ಅತ್ತಿಗೆ ಊರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿದ್ದಾರೆ. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದಲೇ ಇವೆ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು, ಶಾಲಾ ಸಮಿತಿಯಲ್ಲಿ ನಾಲ್ಕನೇ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಇಡೀ ದೇಶಕ್ಕೆ ಹೇಳಿತು. ಹೊಲದ ಕೆಲಸ ಬಿಟ್ಟು ಬಂದು ಬಿಸಿಯೂಟದ ಅಕ್ಕಿ ನೋಡುವ, ಮೇಷ್ಟ್ರು ಯಾಕೆ ಬಂದಿಲ್ಲ ಅಂತ ಕೇಳುವ ಅತ್ತಿಗೆಗಿಂತ ನಮಗೆ ಇಲ್ಲಿ ತಡೆಯೇನೂ ಜಾಸ್ತಿ ಇಲ್ಲ ಅಲ್ವಾ?

ಮನೆ ಭಾಷೆಯ ಫಾರಂ ಬಗ್ಗೆಯೂ ಒಂದು ಮಾತು. ಸ್ಕೂಲಿಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಕೇಳುತ್ತಾರೆ. "ಸುಮ್ನೆ ಇಂಗ್ಲಿಷ್ ಅಂತ ಬರೀರಿ, ಇಲ್ದಿದ್ರೆ ಮಗೂನ ಇಎಸ್‌ಎಲ್‌ಗೆ ಹಾಕ್ತಾರೆ" ಅಂತ ನಮ್ಮವರೇ ಸಲಹೆ ಕೊಡುತ್ತಾರೆ. ಇಎಸ್‌ಎಲ್ ಅಂದರೆ ಇಂಗ್ಲಿಷ್ ಸಾಕಷ್ಟು ಬಾರದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಪಾಠ. ನಾನು ಕನ್ನಡ ಅಂತಲೇ ಬರೆದೆ. ಹಾಗೆ ಬರೆದರೆ ಮಗುವಿಗೆ ಒಂದು ಪರೀಕ್ಷೆ ಕೊಡುತ್ತಾರೆ. ಇಂಗ್ಲಿಷ್ ಸಾಕಷ್ಟು ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಸಹಾಯ ಸಿಗುತ್ತದೆ, ಅದಕ್ಕೆ ಟೈಟಲ್ ತ್ರೀ ಅಂತ ಬೇರೆಯೇ ಫೆಡರಲ್ ಹಣ ಇದೆ. ಸಹಾಯ ಬೇಕಿರುವ ಮಗುವಿನ ಮನೆಯವರು ಇಂಗ್ಲಿಷ್ ಅಂತ ಬರೆದರೆ ಆ ಮಗುವಿಗೆ ಸಿಗಬೇಕಾದದ್ದು ಸಿಗುವುದಿಲ್ಲ.

ಈ ಹಣ ಹೇಗೂ ಬರುತ್ತಿರುತ್ತದೆ ಅಂತ ಕೂರುವ ಕಾಲವೂ ಇದಲ್ಲ. 2025ರ ಮಾರ್ಚಿನಲ್ಲಿ ಶಿಕ್ಷಣ ಇಲಾಖೆಯನ್ನೇ ಮುಚ್ಚುವತ್ತ ಹೆಜ್ಜೆ ಇಡುವ ಆದೇಶಕ್ಕೆ ಟ್ರಂಪ್ ಸಹಿ ಹಾಕಿದರು. ಅದೇ ವರ್ಷ ಜುಲೈ 1ಕ್ಕೆ ಶಾಲೆಗಳಿಗೆ ಸಿಗಬೇಕಿದ್ದ 600 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತಡೆಹಿಡಿದರು. ಟೈಟಲ್ ಒನ್ನಿನ ಮುಖ್ಯ ಹಣ ಅದರಲ್ಲಿರಲಿಲ್ಲ. ಇಂಗ್ಲಿಷ್ ಕಲಿಯುವ ಮಕ್ಕಳ ಹಣ, ಆಫ್ಟರ್ ಸ್ಕೂಲ್ ಹಣ, ಟೀಚರುಗಳ ತರಬೇತಿ ಹಣ ಇತ್ತು. ರಾಜ್ಯಗಳು ಕೋರ್ಟಿಗೆ ಹೋದವು, ಆಡಳಿತ ಪಕ್ಷದ ಸೆನೆಟರುಗಳೇ ಪತ್ರ ಬರೆದರು, ತಿಂಗಳ ಕೊನೆಗೆ ಹಣ ಬಿಡುಗಡೆಯಾಯಿತು. ಯಾರ ಪಕ್ಷ ಯಾವುದು ಅನ್ನುವ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಆದರೆ ಆ ಗೋಜಲಿನಲ್ಲಿ, ನಮ್ಮ ಸ್ಕೂಲಿನಲ್ಲಿ ಯಾವ ಕೆಲಸಕ್ಕೆ ಯಾವ ಹಣ ಬರುತ್ತದೆ ಅಂತ ತಿಳಿದಿದ್ದ ಪೋಷಕರು ಮಾತ್ರ ಸರಿಯಾದ ಪ್ರಶ್ನೆ ಕೇಳಲು ಸಾಧ್ಯವಾಯಿತು.

ಮಕ್ಕಳ ಸ್ಕೂಲ್ ಟೈಟಲ್ ಒನ್ ಹೌದೋ ಅಲ್ಲವೋ ಗೊತ್ತಿಲ್ಲದಿದ್ದರೆ ಆಫೀಸಿಗೆ ಒಂದು ಫೋನ್ ಮಾಡಿ ಕೇಳಿ. ಹೌದಾದರೆ ವಾರ್ಷಿಕ ಸಭೆ ಯಾವತ್ತು ಅಂತ ಕೇಳಿ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ. ಸಭೆಯಲ್ಲಿ ಈ ವರ್ಷ ಎಷ್ಟು ಹಣ ಬಂತು, ಅದರಲ್ಲಿ ಯಾರ ಸಂಬಳ ಹೋಗುತ್ತದೆ, ಪೋಷಕರಿಗೆ ಅಂತ ಇಟ್ಟ ಪಾಲು ಏನಾಯಿತು ಅಂತ ಕೇಳಿ. ನಿಮ್ಮ ಮಗುವಿನ ಟೀಚರಿನ ಅರ್ಹತೆ ಏನು ಅಂತ ಕೇಳುವ ಹಕ್ಕೂ ನಿಮಗಿದೆ. ಇಬ್ಬರಿಗೂ ಆಫೀಸು ಅಂದರೆ ಸಮಯ ಬದಲಿಸಲು ಕೇಳಿ, ಬೆಳಗ್ಗೆ ಅಥವಾ ಸಂಜೆ ಇಡಿ ಅಂತ ಹೇಳಲು ಕಾನೂನಿನಲ್ಲೇ ಜಾಗ ಇದೆ. ಊರಿಂದ ಬಂದು ಮೊಮ್ಮಕ್ಕಳನ್ನು ಬಿಟ್ಟು ಕರೆತರುವ ಅಜ್ಜಿ ತಾತ ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಅವರಿಗೆ ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಸ್ವಲ್ಪ ದಿನ ಮುಂಚೆಯೇ ಆಫೀಸಿಗೆ ಬರೆದು ಕೇಳಿ. ನಮ್ಮ ಡಿಸ್ಟ್ರಿಕ್ಟಿನವರು ಯಾರಾದರೂ ಒಬ್ಬರೇ ಹೋಗಲು ಹಿಂಜರಿಯುತ್ತಿದ್ದರೆ ನನಗೆ ಮೆಸೇಜ್ ಮಾಡಿ, ಜೊತೆಗೆ ಹೋಗೋಣ.