ಪ್ರೋಗ್ರೆಸಿವ್ ಸ್ಪ್ರಿಂಗ್ ಅಂದ ಮಾತ್ರಕ್ಕೆ ಮೇಲು ಅಂತೇನಿಲ್ಲ

ಕಾರಿಗೆ ಹೊಸ ಸ್ಪ್ರಿಂಗ್ ಹಾಕಿಸಬೇಕು, ಯಾವುದು ಒಳ್ಳೇದು ಅಂತ ಕೇಳಿ ನೋಡಿ. ಉತ್ತರ ಮೊದಲೇ ರೆಡಿ ಇರುತ್ತದೆ. "ಪ್ರೋಗ್ರೆಸಿವ್ ಹಾಕ್ಸಿ, ಅಂದ್ರೆ ಕುಗ್ಗಿದಷ್ಟೂ ಗಟ್ಟಿಯಾಗೋ ಸ್ಪ್ರಿಂಗ್. ಸಣ್ಣಪುಟ್ಟ ಗುಂಡಿಗೆ ಮೆತ್ತಗಿರುತ್ತೆ, ತಿರುವಿನಲ್ಲಿ ಗಟ್ಟಿಯಾಗುತ್ತೆ. ಎರಡೂ ಸಿಗುತ್ತೆ."

ಎರಡೂ ಸಿಗುತ್ತೆ ಅಂದಾಗಲೇ ನನಗೆ ಅನುಮಾನ ಶುರುವಾಗುತ್ತದೆ. ನನ್ನ ಲೆಕ್ಕದಲ್ಲಿ ಒಬ್ಬಿಬ್ಬರು ಮಾತ್ರ ಓಡಾಡುವ ಕಾರಿಗೆ ಸರಿಯಾದ ಲೀನಿಯರ್ ಸ್ಪ್ರಿಂಗ್ (ಉದ್ದಕ್ಕೂ ಒಂದೇ ಗಟ್ಟಿತನದ್ದು), ಅದರ ಕುಣಿತ ತಡೆಯಲು ಹೊಂದುವ ಶಾಕ್ ಅಬ್ಸಾರ್ಬರ್, ತಳ ಬಡಿಯದಂತೆ ಒಂದು ಒಳ್ಳೆಯ ಬಂಪ್ ಸ್ಟಾಪ್ ಇದ್ದರೆ ಬೇಕಾದಷ್ಟಾಯಿತು. ಪ್ರೋಗ್ರೆಸಿವ್‌ಗೆ ನಿಜವಾದ ಕೆಲಸ ಇರುವುದು ಭಾರ ದಿನಕ್ಕೊಂದು ಥರ ಇರುವ ಕಾರಿನಲ್ಲಿ.

ಲೀನಿಯರ್ ಸ್ಪ್ರಿಂಗ್ ಸರಳ. 1678ರಲ್ಲಿ ರಾಬರ್ಟ್ ಹುಕ್ ಹೇಳಿದ ನಿಯಮವೇ ಅದು. ಎಷ್ಟು ಒತ್ತುತ್ತೀರೋ ಅಷ್ಟು ಕುಗ್ಗುತ್ತದೆ. ಒಂದು ಮಿ.ಮೀ. ಕುಗ್ಗಿಸಲು ಎರಡೂವರೆ ಕೆ.ಜಿ. ಭಾರ ಬೇಕಾದರೆ, ಐವತ್ತನೇ ಮಿ.ಮೀ.ಗೂ ಮತ್ತೆ ಎರಡೂವರೆ ಕೆ.ಜಿ.ಯೇ ಬೇಕು. ಮಿ.ಮೀ.ಗೆ ಇಷ್ಟು ಕೆ.ಜಿ. ಅನ್ನುವ ಈ ಲೆಕ್ಕವೇ ಸ್ಪ್ರಿಂಗ್‌ನ ರೇಟ್. ಪ್ರೋಗ್ರೆಸಿವ್‌ನಲ್ಲಿ ಹಾಗಲ್ಲ, ಒಳಗೆ ಹೋದಂತೆಲ್ಲ ಜಾಸ್ತಿ ಭಾರ ಕೇಳುತ್ತದೆ. ಸಾಮಾನ್ಯವಾಗಿ ಇದನ್ನು ಮಾಡುವುದು ಸುತ್ತುಗಳ ನಡುವಿನ ಅಂತರದಿಂದ. ಒಂದು ತುದಿಯಲ್ಲಿ ಸುತ್ತುಗಳು ಹತ್ತಿರ ಹತ್ತಿರ, ಇನ್ನೊಂದು ಕಡೆ ದೂರ ದೂರ. ಭಾರ ಬಿದ್ದಾಗ ಹತ್ತಿರ ಇರುವವು ಒಂದಕ್ಕೊಂದು ತಾಗಿ ಕೂತುಬಿಡುತ್ತವೆ. ಕೂತ ಸುತ್ತು ಇನ್ನು ಕುಗ್ಗುವುದಿಲ್ಲ. ಕೆಲಸ ಮಾಡುವ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿ. ಕೆಲವು ಸ್ಪ್ರಿಂಗ್‌ಗಳಲ್ಲಿ ಕಂಬಿಯ ದಪ್ಪವನ್ನೂ ಬದಲಾಯಿಸುತ್ತಾರೆ. ಕಂಬಿ ಶೇ. 10ರಷ್ಟು ದಪ್ಪವಾದರೂ ಸಾಕು, ಗಟ್ಟಿತನ ಶೇ. 46ರಷ್ಟು ಏರುತ್ತದೆ, ಯಾಕೆಂದರೆ ದಪ್ಪದ ಲೆಕ್ಕ ನಾಲ್ಕನೇ ಘಾತದಲ್ಲಿ ನಡೆಯುತ್ತದೆ.

ಇದರ ಲಾಭ ಎಲ್ಲಿ? ಹಿಂದಿನ ಒಂದು ಚಕ್ರದ ಮೇಲೆ 300 ಕೆ.ಜಿ. ಕೂತಿದೆ, ಚಕ್ರದ ಹತ್ತಿರ ಅಳೆದ ರೇಟ್ ಮಿ.ಮೀ.ಗೆ ಎರಡೂವರೆ ಕೆ.ಜಿ. ಅಂದುಕೊಳ್ಳಿ. ಹಿಂದಿನ ಸೀಟು ತುಂಬಿ, ಡಿಕ್ಕಿಯೂ ತುಂಬಿ, ಅದೇ ಚಕ್ರಕ್ಕೆ ಇನ್ನೂ 100 ಕೆ.ಜಿ. ಬಿತ್ತು. ಲೀನಿಯರ್ ಸ್ಪ್ರಿಂಗ್ ಆದರೆ ಕಾರು 40 ಮಿ.ಮೀ. ಕೆಳಗೆ ಕೂರುತ್ತದೆ. ಸೆಕೆಂಡಿಗೆ ಹತ್ತಿರ ಹತ್ತಿರ 1.45 ಸಲ ಮೇಲೆ ಕೆಳಗೆ ಆಡುತ್ತಿದ್ದ ಕಾರು 1.25ಕ್ಕೆ ಇಳಿಯುತ್ತದೆ. ಅಂದರೆ ತೇಲಾಟ ಜಾಸ್ತಿ, ತಳ ಬಡಿಯಲು ಉಳಿದ ಜಾಗ ಕಡಿಮೆ. ಭಾರ ಬಿದ್ದಾಗ ರೇಟ್ ತಾನಾಗಿ 3.3ಕ್ಕೆ ಏರುವ ಸ್ಪ್ರಿಂಗ್ ಇದ್ದರೆ ತುಂಬಿದ ಕಾರೂ ಖಾಲಿ ಕಾರಿನ ಹಾಗೇ ಆಡುತ್ತದೆ. ಗಾಳಿ ಸ್ಪ್ರಿಂಗ್‌ಗೆ ಈ ಗುಣ ಹುಟ್ಟಿನಿಂದಲೇ ಬಂದಿದೆ. 1955ರ ಸಿಟ್ರೊಯೆನ್ ಡಿಎಸ್ ಕಾರಿನಲ್ಲಿ ಕಬ್ಬಿಣದ ಸ್ಪ್ರಿಂಗ್ ಬದಲು ಗೋಳದೊಳಗೆ ಅದುಮಿಟ್ಟ ಅನಿಲ ಇತ್ತು. ಅನಿಲವನ್ನು ಅದುಮಿದಷ್ಟೂ ಅದು ಗಟ್ಟಿ, ಸುತ್ತು ಎಣಿಸುವ ರಗಳೆಯೇ ಇಲ್ಲ.

ಇಷ್ಟರವರೆಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು "ತಿರುವಿನಲ್ಲಿ ಗಟ್ಟಿ" ಅನ್ನುವ ಮಾತಿಗೆ.

ತಿರುವಿನಲ್ಲಿ ಹೊರಗಡೆಯ ಸ್ಪ್ರಿಂಗ್ ಕುಗ್ಗುತ್ತದೆ, ಒಳಗಡೆಯದು ಹಿಗ್ಗುತ್ತದೆ. ಪ್ರೋಗ್ರೆಸಿವ್ ಆದರೆ ಹೊರಗಿನದು ಗಟ್ಟಿಯಾಗುತ್ತದೆ ನಿಜ, ಆದರೆ ಅದೇ ಹೊತ್ತಿಗೆ ಒಳಗಿನದು ಮೆತ್ತಗಾಗುತ್ತದೆ. ಹೊರಗಿನದು ಕುಗ್ಗಿದ್ದಕ್ಕಿಂತ ಒಳಗಿನದು ಜಾಸ್ತಿ ಹಿಗ್ಗುತ್ತದೆ. ಹಾಗಾಗಿ ಕಾರು ವಾಲುವುದರ ಜೊತೆಗೆ ಸ್ವಲ್ಪ ಮೇಲಕ್ಕೂ ಏಳುತ್ತದೆ. ಈಗ ಆ ತಿರುವಿನ ಮಧ್ಯದಲ್ಲೇ ಒಂದು ಉಬ್ಬು ಬಂತು ಅಂತಿಟ್ಟುಕೊಳ್ಳಿ. ನೇರ ರಸ್ತೆಯಲ್ಲಿ ಗೊತ್ತೇ ಆಗದ ಉಬ್ಬು ಅದು. ಆದರೆ ಹೊರಗಿನ ಸ್ಪ್ರಿಂಗ್ ಆಗಲೇ ತನ್ನ ಗಟ್ಟಿ ಭಾಗಕ್ಕೆ ಬಂದು ಕೂತಿದೆ. ಚಕ್ರ ಧಡ್ ಅಂತ ಒದ್ದುಕೊಂಡು ಪಕ್ಕಕ್ಕೆ ಜಾರಲು ನೋಡುತ್ತದೆ. ಹಿಡಿತ ಅತಿ ಹೆಚ್ಚು ಬೇಕಾದ ಜಾಗದಲ್ಲೇ ಇದು ಆಗುವುದು. ಜೊತೆಗೆ ಮುಂದಿನ ಸ್ಪ್ರಿಂಗ್ ಒಂದು ಹೊತ್ತಿಗೆ, ಹಿಂದಿನದು ಇನ್ನೊಂದು ಹೊತ್ತಿಗೆ ಗಟ್ಟಿಯಾದರೆ, ತಿರುವಿನ ಅರ್ಧದಲ್ಲಿ ಕಾರಿನ ಸ್ವಭಾವವೇ ಬದಲಾಗುತ್ತದೆ. ಸ್ಟೀರಿಂಗ್ ಹಿಡಿದವನಿಗೆ ಬೇಕಿರುವುದು ಮುಂದೇನಾಗುತ್ತೆ ಅನ್ನುವ ನಂಬಿಕೆ, ಅಲ್ವಾ? ಲೀನಿಯರ್ ಸ್ಪ್ರಿಂಗ್ ಕೊಡುವುದು ಅದನ್ನೇ. ಟ್ರ್ಯಾಕ್‌ನಲ್ಲಿ ಓಡಿಸುವವರು ಅದನ್ನು ಬಿಡಲು ಒಪ್ಪದಿರುವುದೂ ಇದಕ್ಕೇ.

ಇನ್ನು ಶಾಕ್ ಅಬ್ಸಾರ್ಬರ್. ಸ್ಪ್ರಿಂಗ್ ಮಾರುವವರು ಇದರ ಸುದ್ದಿಯನ್ನೇ ಎತ್ತುವುದಿಲ್ಲ. ಶಾಕ್ ಅನ್ನು ಹೊಂದಿಸುವುದು ಒಂದು ರೇಟ್‌ಗೆ. ರೇಟ್ ಎರಡೂವರೆಯಿಂದ ನಾಲ್ಕಕ್ಕೆ ಏರಿದರೆ, ಸ್ಪ್ರಿಂಗ್‌ನ ಕುಣಿತ ಮೊದಲಿನಷ್ಟೇ ಅಂಕೆಯಲ್ಲಿರಲು ಶಾಕ್‌ನ ತಡೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಹೆಚ್ಚಬೇಕು. ಸಾಮಾನ್ಯ ಶಾಕ್‌ಗೆ ಸ್ಪ್ರಿಂಗ್ ಎಷ್ಟು ಕುಗ್ಗಿದೆ ಅನ್ನುವುದು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ವೇಗ ಮಾತ್ರ. ಮೆತ್ತನೆಯ ಭಾಗಕ್ಕೆ ಹೊಂದಿಸಿದರೆ ಗಟ್ಟಿ ಭಾಗದಲ್ಲಿ ಕಾರು ಪುಟಿಯುತ್ತದೆ. ಗಟ್ಟಿ ಭಾಗಕ್ಕೆ ಹೊಂದಿಸಿದರೆ ಮೆತ್ತನೆಯ ಭಾಗ ಇದ್ದೂ ಸುಖವಿಲ್ಲ.

ತಮಾಷೆ ಅಂದರೆ, ಕಾರನ್ನು ತಗ್ಗಿಸಲು ಹಾಕುವ ಎಷ್ಟೋ ಪ್ರೋಗ್ರೆಸಿವ್ ಸ್ಪ್ರಿಂಗ್‌ಗಳು ಓಡುವಾಗ ಪ್ರೋಗ್ರೆಸಿವ್ ಆಗಿಯೇ ಇರುವುದಿಲ್ಲ. ಕಾರು ಸುಮ್ನೆ ನಿಂತಿರುವಾಗ ಟಾರ್ಚ್ ಹಿಡಿದು ಚಕ್ರದ ಹಿಂದೆ ಇಣುಕಿ. ಹತ್ತಿರದ ಸುತ್ತುಗಳು ಒಂದರ ಮೇಲೊಂದು ಕೂತುಬಿಟ್ಟಿದ್ದರೆ ಮೆತ್ತನೆಯ ಭಾಗ ಖಾಲಿ ಕಾರಿನ ಭಾರಕ್ಕೇ ಮುಗಿದುಹೋಗಿದೆ ಅಂತ ಅರ್ಥ. ಸ್ಪ್ರಿಂಗ್ ಬಿಚ್ಚಿದಾಗ ಆ ಸುತ್ತುಗಳ ನಡುವೆ ಬಣ್ಣ ಸವೆದು ಕಬ್ಬಿಣ ಹೊಳೆಯುವ ಗೆರೆ ಕಾಣುತ್ತದೆ. ಅಲ್ಲಿಂದ ಮುಂದೆ ನೀವು ಓಡಿಸುತ್ತಿರುವುದು ಗಟ್ಟಿ ಲೀನಿಯರ್ ಸ್ಪ್ರಿಂಗ್ ಅನ್ನೇ. ಇದು ಮೋಸ ಅಂತಲ್ಲ. ಸ್ಪ್ರಿಂಗ್ ಗಿಡ್ಡ, ಜ್ಯಾಕ್ ಹಾಕಿ ಚಕ್ರ ನೇತಾಡಿದಾಗ ಅದು ಜಾಗ ಬಿಟ್ಟು ಕಳಚಬಾರದು, ಅದಕ್ಕೇ ಆ ಸುತ್ತುಗಳು. ಆದರೆ ಅದನ್ನೇ ತೋರಿಸಿ "ಆರಾಮ" ಅಂತ ಮಾರಿದರೆ ನಾನು ಒಪ್ಪುವುದಿಲ್ಲ.

ಹಾಗಾದರೆ ಲೀನಿಯರ್ ಸ್ಪ್ರಿಂಗ್ ತಳ ಬಡಿಯುವುದಿಲ್ವಾ? ಅದನ್ನು ತಡೆಯುವುದು ಬಂಪ್ ಸ್ಟಾಪ್. ಶಾಕ್‌ನ ರಾಡ್ ಮೇಲೆ ಕೂತ ಆ ಸ್ಪಂಜಿನಂಥ ತುಂಡನ್ನು ಜನ ಸುಮ್ನೆ ರಬ್ಬರ್ ವಾಷರ್ ಅಂದುಕೊಳ್ಳುತ್ತಾರೆ. ಅದೂ ಒಂದು ಸ್ಪ್ರಿಂಗ್, ಅದರಲ್ಲೂ ಅಪ್ಪಟ ಪ್ರೋಗ್ರೆಸಿವ್. ಮೊದಲು ಮೆತ್ತಗೆ ತಾಗಿ, ಆಮೇಲೆ ಬೇಗ ಬೇಗ ಗಟ್ಟಿಯಾಗುತ್ತದೆ. ಲೀನಿಯರ್ ಸ್ಪ್ರಿಂಗ್ ಇರುವ ಕಾರಿನಲ್ಲೂ ಕೊನೆಯ ಕೆಲವು ಸೆಂ.ಮೀ. ಪ್ರೋಗ್ರೆಸಿವ್ ಆಗಿಯೇ ಇರುತ್ತದೆ. ಕಾರು ತಗ್ಗಿಸುವಾಗ ಇದನ್ನು ಕತ್ತರಿಸಿ ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇಂಜಿನ್ ಮುಂದಿರುವ ಕಾರಿನಲ್ಲಿ ಮುಂದಿನ ಭಾರ ಅಷ್ಟಾಗಿ ಬದಲಾಗುವುದಿಲ್ಲ, ಏರಿಳಿತ ಎಲ್ಲ ಹಿಂದೆ. ಹಾಗಾಗಿ ಮನೆಮಂದಿ ಎಲ್ಲ ಹತ್ತುವ ಕಾರಿಗೆ ಮುಂದೆ ಲೀನಿಯರ್, ಹಿಂದೆ ಪ್ರೋಗ್ರೆಸಿವ್ ಇದ್ದರೆ ನಾನು ಖುಷಿಯಿಂದ ಒಪ್ಪುತ್ತೇನೆ. ಅದೂ ರೇಟ್ ಮೆಲ್ಲಗೆ ಏರುವಂಥದ್ದಾಗಿರಬೇಕು, ಒಂದೇ ಏಟಿಗೆ ಹಾರುವಂಥದ್ದಲ್ಲ. ಯಾವುದೇ ಪ್ರೋಗ್ರೆಸಿವ್ ಸ್ಪ್ರಿಂಗ್ ಕೊಳ್ಳುವ ಮೊದಲು ಭಾರಕ್ಕೆ ಎಷ್ಟು ಕುಗ್ಗುತ್ತದೆ ಅನ್ನುವ ಗ್ರಾಫ್ ಕೇಳಿ. ಖಾಲಿ ಕಾರು ಆ ಗೆರೆಯ ಮೇಲೆ ಎಲ್ಲಿ ನಿಲ್ಲುತ್ತದೆ ಅಂತಲೂ ಕೇಳಿ. ಎರಡಕ್ಕೂ ಉತ್ತರ ಬರದಿದ್ದರೆ ನಾನಾದರೆ ಆ ಸ್ಪ್ರಿಂಗ್ ತಗೊಳ್ಳುವುದಿಲ್ಲ.